ಮನೆಯ ಮುನಿಸು ಮತ್ತು ಆಲೋಚನಾ ವಿಧಿ



ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸಿ, ಶಕ್ತಿಯುಳ್ಳವರು ಉಪವಾಸವನ್ನೂ ಉಳಿದವರು ಏಕಾಶನವನ್ನೂ ಕೈಗೊಂಡು, ಹುಣ್ಣಿಮೆ ಕಳೆದ ಮರುದಿನ ನಾವು ಕ್ಷಮಾವಾಣಿಯನ್ನು ನಡೆಸುತ್ತೇವೆ. ಉತ್ತರದವರ ಪಂಚಾಂಗದಲ್ಲಿ ಅದು ಆಶ್ವಿನ ಕೃಷ್ಣ ಪ್ರತಿಪದೆ; ತಿಂಗಳನ್ನು ಅಮಾವಾಸ್ಯೆಗೆ ಮುಗಿಸುವ ನಮಗೆ ಭಾದ್ರಪದ ಬಹುಳ ಪಾಡ್ಯ. ಆ ದಿನ ಬಸದಿಯಲ್ಲಿ ಒಬ್ಬರಿಗೊಬ್ಬರು ಕೈಜೋಡಿಸಿ ವರ್ಷದ ತಪ್ಪುಗಳಿಗೆ ಕ್ಷಮೆ ಬೇಡುತ್ತೇವೆ. ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿರುವ ಸಮಸ್ತ ಜೀವಿಗಳಲ್ಲಿಯೂ ಬೇಡುತ್ತೇವೆ. ದೂರದ ಬಂಧುಗಳಿಗೆ ಹಿಂದೆ ಅಂಚೆಯ ಕಾರ್ಡು ಹೋಗುತ್ತಿತ್ತು. ಈಗ ಮೊಬೈಲಿನಲ್ಲಿ ಚಿತ್ರ ಹೋಗುತ್ತದೆ. ಆದರೆ ಪಾಲಾದ ದಿನದಿಂದ ಮಾತು ಬಿಟ್ಟಿರುವ ಒಡಹುಟ್ಟಿದ ತಮ್ಮನಿಗೆ ಮಾತ್ರ ಕಾರ್ಡೂ ಇಲ್ಲ, ಚಿತ್ರವೂ ಇಲ್ಲ. ಏಕೇಂದ್ರಿಯ ಜೀವಿಯ ಬಳಿಗೆ ತಲುಪಿದ ನಮ್ಮ ಕ್ಷಮಾಯಾಚನೆ ಒಂದೇ ತಾಯಿಯ ಹಾಲು ಕುಡಿದವನ ಬಾಗಿಲಿಗೆ ಬಂದು ನಿಂತುಬಿಡುವುದು ಎಂತಹ ವಿಚಿತ್ರ!

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಮನೆಯ ವೃತ್ತಾಂತವೂ ಅಲ್ಲ. ಓದುವಾಗ ಯಾರದಾದರೂ ಮುಖ ಕಣ್ಣಮುಂದೆ ಬಂದರೆ ಅದರ ಹೊಣೆ ಲೇಖಕನದಲ್ಲ. ಹಿರಿಯ ಮಗನಿಗೆ ರಾಯಚೂರಿನಲ್ಲಿ ಹತ್ತಿಯ ಅಡತಿ ಅಂಗಡಿ. ಕಿರಿಯವನಿಗೆ ಮಾನ್ವಿಯಲ್ಲಿ ಭತ್ತದ ವ್ಯಾಪಾರ. ಮಗಳನ್ನು ದೇವದುರ್ಗಕ್ಕೆ ಕೊಟ್ಟಿದೆ. ತಂದೆ ಪಾರ್ಶ್ವವಾಯು ಬಡಿದು ಏಳು ತಿಂಗಳು ಹಾಸಿಗೆ ಹಿಡಿದರು. ಹಿರಿಯ ಮಗ ಮತ್ತು ಸೊಸೆ ಸೇವೆ ಮಾಡಿದರು; ಕಿರಿಯವನು ಎರಡೇ ಸಲ ಬಂದು ಹೋದ. ತಂದೆ ತೀರಿಕೊಂಡ ತಿಂಗಳೊಳಗೆ ಅವನು ಅಂಗಡಿಯ ಲೆಕ್ಕ ಕೇಳಿದ. ಅಣ್ಣ ಖಾತೆಯ ಪುಸ್ತಕವನ್ನು ಅವನ ಕಾಲ ಬಳಿ ಎಸೆದ. ಅಂದಿನಿಂದ ಮೂರು ಭಾದ್ರಪದಗಳು ಕಳೆದಿವೆ. ತಾಯಿ ಹಿರಿಯವನ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದಾಳೆ. ಮಗಳು ತವರಿಗೆ ಬಂದಾಗ ಯಾವ ಮನೆಯ ಸುದ್ದಿಯನ್ನು ಯಾವ ಮನೆಯಲ್ಲಿ ಆಡಬಾರದೆಂಬುದನ್ನು ಕಲಿತಿದ್ದಾಳೆ. ಇವರೆಲ್ಲರೂ ವ್ರತ ಹಿಡಿದವರೇ. ಹಿರಿಯ ಸೊಸೆ ಕಳೆದ ಪರ್ವದಲ್ಲಿ ಹತ್ತು ದಿನವೂ ಉಪವಾಸ ಮಾಡಿದಳು. ಪಾರಣೆಗೆ ಊರಿನ ಶ್ರಾವಕರೆಲ್ಲ ಬಂದರು. ಮಾನ್ವಿಯಿಂದ ಯಾರೂ ಬರಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ.

ಈ ಉಪವಾಸ ವ್ರತವಾಯಿತೇ? ಪ್ರಶ್ನೆ ಕಠೋರವಾಯಿತೆಂದು ಬೇಸರಿಸಬಾರದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಿಯ ಲಕ್ಷಣವನ್ನು ಹೇಳುವಾಗ ಉಪವಾಸಗಳ ಎಣಿಕೆಯನ್ನು ಹೇಳಲಿಲ್ಲ. ಶಲ್ಯವಿಲ್ಲದವನೇ ವ್ರತಿ ಎಂದರು. ಶಲ್ಯವೆಂದರೆ ಮೈಯಲ್ಲಿ ಮುರಿದು ಉಳಿದ ಮುಳ್ಳು. ನಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ತುಳಿಯದವರಾರು? ಮೇಲಿನ ಚರ್ಮ ಕೂಡಿಕೊಂಡ ಮೇಲೆ ಗಾಯ ಮಾಯಿತೆಂದೇ ತೋರುತ್ತದೆ, ಒಳಗೆ ಕೀವಾಗುತ್ತಿರುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ಮನೆಯೊಳಗಿನ ವೈರದಲ್ಲಿ ಹೆಚ್ಚಾಗಿ ಕೀವಾಗುವುದು ಮಾಯೆ ಮತ್ತು ನಿದಾನ. ಒಳಗೊಂದು ಹೊರಗೊಂದು ಇಟ್ಟುಕೊಳ್ಳುವುದು ಮಾಯೆ. ಮುಂದೆ ಹೀಗಾಗಲಿ ಎಂದು ಹಲ್ಲು ಕಚ್ಚಿ ಮಾಡಿಕೊಂಡ ಸಂಕಲ್ಪವೂ ನಿದಾನದ ಒಂದು ರೂಪವೇ.

ಈ ನಿದಾನದ ಭಯಂಕರ ದೃಷ್ಟಾಂತವು ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ವಡ್ಡಾರಾಧನೆಯ ಮೊದಲ ಕಥೆಯಲ್ಲಿಯೇ ಇದೆ. ಸುಕುಮಾರಸ್ವಾಮಿಯ ಕಥೆಯೆಂದರೆ ನಾವು ಅವನ ಮೈಯ ಕೋಮಲತೆಯನ್ನೂ ನರಿ ತಿಂದ ಉಪಸರ್ಗವನ್ನೂ ನೆನೆಯುತ್ತೇವೆ. ಆ ನರಿ ಯಾರೆಂಬುದನ್ನು ಮರೆಯುತ್ತೇವೆ. ಅಗ್ನಿಭೂತಿ, ವಾಯುಭೂತಿ ಎಂಬ ಅಣ್ಣತಮ್ಮಂದಿರು ತಂದೆಯನ್ನು ಕಳೆದುಕೊಂಡು ವಿದ್ಯೆಯಿಲ್ಲದೆ ಅಲೆದು ಸೋದರಮಾವ ಸೂರ್ಯಮಿತ್ರನ ಬಳಿಗೆ ಹೋದರು. ಅವನು ಸಂಬಂಧವನ್ನು ಮರೆಸಿ, ಭಿಕ್ಷೆಯಿಂದ ಉಣ್ಣುವಂತೆ ಮಾಡಿ, ವಿದ್ಯೆ ಕಲಿಸಿದ. ಕಲಿತಾದ ಮೇಲೆ ತಾನು ಮಾವನೆಂದು ತಿಳಿಸಿದಾಗ ಅಣ್ಣನಿಗೆ ಅದು ಉಪಕಾರವಾಗಿ ಕಂಡಿತು; ತಮ್ಮನಿಗೆ ಅವಮಾನವಾಗಿ ಕಂಡಿತು. ಒಂದೇ ಮನೆ, ಒಂದೇ ಅನ್ನ, ಎರಡು ನೆನಪು! ಸೂರ್ಯಮಿತ್ರ ಮುನಿಯಾಗಿ ಬಂದಾಗ ತಮ್ಮ ಬೈದ. ಆ ಪಾಪಕ್ಕೆ ನೊಂದು ಅಣ್ಣ ದೀಕ್ಷೆ ಪಡೆದ. ಗಂಡನನ್ನು ಕಳೆದುಕೊಂಡ ಅತ್ತಿಗೆ ಮೈದುನನನ್ನು ಕೇಳಿದಳು; ಅವನು ಅವಳನ್ನು ಒದ್ದ. ಅವಳು ಆ ಕಾಲನ್ನೇ ಮುಂದೊಂದು ಭವದಲ್ಲಿ ತಿನ್ನುವೆನೆಂದು ನಿದಾನ ಮಾಡಿಕೊಂಡಳು. ಭವಗಳು ಕಳೆದವು. ವಾಯುಭೂತಿಯ ಜೀವ ಕತ್ತೆ, ಹಂದಿ, ನಾಯಿಗಳ ಜನ್ಮಗಳನ್ನು ದಾಟಿ, ಧರ್ಮವನ್ನು ಕಂಡು, ಸುಕುಮಾರನಾಗಿ ಬಂದು ಪ್ರತಿಮಾಯೋಗದಲ್ಲಿ ನಿಂತಾಗ ಅತ್ತಿಗೆಯ ಜೀವ ನರಿಯಾಗಿ ಮರಿಗಳೊಡನೆ ಬಂದು ಕಾಲಿನಿಂದಲೇ ತಿನ್ನತೊಡಗಿತು. ಒದ್ದವನಿಗೆ ಮರೆತುಹೋಗಿತ್ತು. ಒದೆಸಿಕೊಂಡವಳಿಗೂ, ನರಿಯ ಜನ್ಮದಲ್ಲಿ, ಏಕೆಂಬುದು ತಿಳಿದಿರಲಿಲ್ಲ. ನೆನಪು ಅಳಿದಿತ್ತು, ಹಸಿವು ಉಳಿದಿತ್ತು.

ಹೀಗೆ ನೆನಪಳಿದರೂ ಉಳಿಯುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರೂ ಇದೆ, ಅಳತೆಯೂ ಇದೆ. ಹೆಸರು ವಾಸನೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕಷಾಯಗಳ ವಾಸನಾಕಾಲವನ್ನು ನಿರ್ಣಯಿಸಿದ್ದಾರೆ. ಆ ಗ್ರಂಥಕ್ಕೆ ಕೇಶವಣ್ಣನು 1359ರಲ್ಲಿಯೇ ಕನ್ನಡದಲ್ಲಿ ವೃತ್ತಿಯನ್ನು ಬರೆದುಕೊಟ್ಟದ್ದರಿಂದ ನಮಗೆ ತಿಳಿಯಲಿಲ್ಲವೆಂಬ ನೆಪವೂ ಇಲ್ಲ. ಸಂಜ್ವಲನ ಕಷಾಯವು ನೀರಿನ ಮೇಲೆ ಎಳೆದ ಗೆರೆ. ಅದರ ವಾಸನೆ ಅಂತರ್ಮುಹೂರ್ತ, ಎಂದರೆ 48 ನಿಮಿಷಗಳೊಳಗೆ ಅಳಿಯುವುದು. ಪ್ರತ್ಯಾಖ್ಯಾನಾವರಣವು ಧೂಳಿನ ಗೆರೆ, ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣವು ಬಿರಿದ ನೆಲದ ಗೆರೆ, ಆರು ತಿಂಗಳು. ಅದನ್ನೂ ಮೀರಿ ಭವಭವಗಳಿಗೆ ಹರಿಯುವುದು ಕಲ್ಲಿನ ಗೆರೆ, ಅನಂತಾನುಬಂಧಿ. ಈಗ ಗೃಹಸ್ಥರು ತಮ್ಮ ಪಂಚಾಂಗವನ್ನು ತೆಗೆದು ಎಣಿಸಬೇಕು. ಹದಿನೈದು ದಿನ ಮೀರಿದ ಮುನಿಸು ಅಣುವ್ರತಕ್ಕೇ ಅಡ್ಡವಾಗುವ ಜಾತಿಯದು. ಆರು ತಿಂಗಳು ಮೀರಿದ್ದು ಸಮ್ಯಕ್ತ್ವವನ್ನೇ ಮುಚ್ಚುವ ಜಾತಿಯದು. ಹೀಗಿರುವಾಗ ಮೂರು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರ ಉಪವಾಸದ ಲೆಕ್ಕವನ್ನು ಯಾವ ಖಾತೆಗೆ ಬರೆಯುವುದು? ವರ್ಷಕ್ಕೊಮ್ಮೆ ಬರುವ ಕ್ಷಮಾವಾಣಿ ಕಡೆಯ ಗಡುವು ಮಾತ್ರ. ಅದಕ್ಕಾಗಿಯೇ ದೈವಸಿಕ, ಪಾಕ್ಷಿಕ, ಚಾತುರ್ಮಾಸಿಕ ಪ್ರತಿಕ್ರಮಣಗಳು ಮೊದಲೇ ಇವೆ. ಈ ಅಳತೆಗೋಲನ್ನು ಪಕ್ಕದ ಮನೆಯವರ ಮೇಲೆ ಇಟ್ಟು ನೋಡತಕ್ಕದ್ದಲ್ಲ. ಸ್ವಂತ ಎದೆಗೆ ಮಾತ್ರ ಅದು ಹೊಂದುತ್ತದೆ.

ಕಳೆದ ನೂರಿಪ್ಪತ್ತೈದು ವರ್ಷಗಳಿಂದ ಇನ್ನೊಂದು ಕಡೆಯಿಂದಲೂ ಈ ವಾಸನೆಯ ಶೋಧನೆ ನಡೆದಿದೆ. ವಿಯೆನ್ನಾ ನಗರದಲ್ಲಿ 1880ರಲ್ಲಿ ಒಬ್ಬ ತರುಣಿ ರೋಗಿಯಾದ ತಂದೆಯ ಶುಶ್ರೂಷೆ ಮಾಡುತ್ತಲೇ ತಾನೂ ವಿಚಿತ್ರ ವ್ಯಾಧಿಗೆ ತುತ್ತಾದಳು. ಕೈ ಸ್ವಾಧೀನ ತಪ್ಪಿತು, ಮಾತು ತಪ್ಪಿತು. ಬ್ರಾಯರ್ ಎಂಬ ವೈದ್ಯನ ಮುಂದೆ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡಾಗ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳೇ ಅದನ್ನು ಮಾತಿನ ಚಿಕಿತ್ಸೆ ಎಂದು ಕರೆದಳು. 1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಕೂಡಿ ಇಂತಹ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅದರಿಂದ ಬೆಳೆದುದು ಮನೋವಿಶ್ಲೇಷಣೆ. ಮನಸ್ಸು ತನಗೆ ಸಹಿಸಲಾಗದ್ದನ್ನು ಸುಪ್ತಚಿತ್ತಕ್ಕೆ ಒತ್ತಿಬಿಡುತ್ತದೆ. ನೆನಪಿಗೆ ಬಾರದುದನ್ನು ಮನುಷ್ಯ ನಡತೆಯಲ್ಲಿ ಮತ್ತೆ ಮತ್ತೆ ಆಡಿ ತೋರಿಸುತ್ತಾನೆ ಎಂಬುದು 1914ರಲ್ಲಿ ಫ್ರಾಯ್ಡ್ ವಿವರಿಸಿದ ಮಾತಿನ ತಾತ್ಪರ್ಯ. ನಮ್ಮ ದೇಶದಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿಯೇ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಕನ್ನಡದಲ್ಲಿ, ಕೊರವಂಜಿಯ ‘ರಾಶಿ’ ಎಂದು ನಗಿಸಿದ ಡಾ. ಎಂ. ಶಿವರಾಂ ಅವರು ಮನಸ್ಸಿನ ರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಫ್ರಾಯ್ಡ್ ಧರ್ಮವನ್ನು ಒಪ್ಪಿದವನಲ್ಲ. 1927ರ ತನ್ನ ಗ್ರಂಥದಲ್ಲಿ ಅದನ್ನು ಭ್ರಮೆಯ ಪಂಕ್ತಿಗೆ ಸೇರಿಸಿದ. ಈಶ್ವರನೆಂದರೆ ಮಗುವಿನ ಮನಸ್ಸು ಆಕಾಶಕ್ಕೆ ಏರಿಸಿದ ತಂದೆ ಎಂಬುದು ಅವನ ಆಕ್ಷೇಪ. ಸೃಷ್ಟಿಕರ್ತನಾದ ತಂದೆಯನ್ನೇ ಒಪ್ಪದ ಜಿನಧರ್ಮಕ್ಕೆ ಆ ಬಾಣ ನೇರವಾಗಿ ತಗಲುವುದಿಲ್ಲವೆಂದು ಇಲ್ಲಿಯೇ ಹೇಳಿ ಮುಂದೆ ಹೋಗೋಣ.

ನಮ್ಮ ಕಲ್ಪಿತ ಮನೆಗೆ ಹಿಂದಿರುಗಿದರೆ, ಜಗಳ ಲೆಕ್ಕದ್ದೇ? ಮನೋವಿಶ್ಲೇಷಕನು ಅಣ್ಣನನ್ನು ತಾಳ್ಮೆಯಿಂದ ಕೇಳಿಸಿಕೊಂಡಿದ್ದರೆ ಬೇರೊಂದು ಸಂಗತಿ ಹೊರಬೀಳುತ್ತಿತ್ತು. ಏಳು ತಿಂಗಳು ಮಲಮೂತ್ರ ಬಳಿದ ಮಗ ಹಾಸಿಗೆಯ ಪಕ್ಕದಲ್ಲಿರುವಾಗಲೇ ತಂದೆ ತೊದಲುವ ಬಾಯಿಯಲ್ಲಿ ದಿನವೂ ಕೇಳುತ್ತಿದ್ದುದು ‘ಸಣ್ಣಾವ ಬಂದನೇನು?’ ಎಂದು. ಖಾತೆಯ ಪುಸ್ತಕವನ್ನು ಎಸೆದ ಕೈ ಆ ಪ್ರಶ್ನೆಗೆ ಉತ್ತರ ಕೊಟ್ಟಿತು. ತಮ್ಮನದು ಇನ್ನೊಂದು ಬಗೆ. ಚಿಕ್ಕಂದಿನಲ್ಲಿ ಯಾರ ಹೆಜ್ಜೆಯ ಸಪ್ಪಳಕ್ಕೆ ನಡುಗುತ್ತಿದ್ದನೋ ಅವರ ಬಾಯಿ ಸೊಟ್ಟಗಾಗಿ ಜೊಲ್ಲು ಸುರಿಯುವುದನ್ನು ಅವನಿಗೆ ನೋಡಲಾಗಲಿಲ್ಲ, ಬಾರದೆ ಉಳಿದ. ಬಾರದೆ ಉಳಿದುದರ ಅಪರಾಧಭಾವವನ್ನು ಹೊರಲಾರದೆ ಅಣ್ಣನಲ್ಲಿಯೇ ಅಪರಾಧವನ್ನು ಹುಡುಕಿ ಲೆಕ್ಕ ಕೇಳಿದ. ಪ್ರೀತಿಸಿದವರಿಗೆ ಮಾಡಿದ ನೋವನ್ನು ಸರಿಪಡಿಸಬೇಕೆಂಬ ತವಕ ಮನುಷ್ಯನಲ್ಲಿ ಶೈಶವದಿಂದಲೇ ಇರುತ್ತದೆಂದು ಮೆಲನಿ ಕ್ಲೈನ್ ಎಂಬ ವಿದುಷಿ 1937ರಲ್ಲಿ ಬರೆದಳು. ಆ ತವಕಕ್ಕೆ ದಾರಿ ಸಿಗದಿದ್ದರೆ ಅದು ನೊಂದವರ ಮೇಲೆಯೇ ತಿರಸ್ಕಾರವಾಗಿ ತಿರುಗಬಹುದು.

ನಮ್ಮವರು ಉಪಶಮ, ಕ್ಷಯ ಎಂದು ಭೇದ ಮಾಡಿದುದು ಇಲ್ಲಿ ನೆನಪಿಗೆ ಬರುತ್ತದೆ. ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುವುದು. ಅದು ಉಪಶಮ. ಕೊಡವನ್ನು ಅಲುಗಿಸಿದರೆ ಕೆಸರು ಮತ್ತೆ ಏಳುವುದು. ತಿಳಿನೀರನ್ನು ಬೇರೆ ಪಾತ್ರೆಗೆ ಬಸಿದುಕೊಂಡರೆ ಅದು ಕ್ಷಯ. ಉಪಶಮ ಶ್ರೇಣಿಯನ್ನೇರಿದ ಮುನಿ ಹನ್ನೊಂದನೆಯ ಗುಣಸ್ಥಾನದಿಂದಲೂ ಕೆಳಗಿಳಿಯುತ್ತಾನೆ. ಕ್ಷಪಕ ಶ್ರೇಣಿಯವನು ಬೀಳುವುದಿಲ್ಲ. ಮುನಿಗಳ ಉಪಶಮವೂ ಗೃಹಸ್ಥನು ನುಂಗಿಕೊಂಡ ಸಿಟ್ಟೂ ಒಂದೇ ಎಂದು ಹೇಳುವ ಸಾಹಸವನ್ನು ಮಾಡುವುದಿಲ್ಲ. ಆದರೆ ‘ನಾನು ಎಲ್ಲವನ್ನೂ ಮರೆತುಬಿಟ್ಟಿದ್ದೇನೆ’ ಎನ್ನುವವನ ಕೊಡ ಇನ್ನೂ ಅಲುಗಿಲ್ಲವೆಂದಷ್ಟೇ ತಿಳಿಯಬೇಕು. ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬರಲಿ, ಆಗ ಕಾಣುವುದು.

ಕೆಸರನ್ನು ಬಸಿಯುವ ವಿಧಿಯೇ ಆಲೋಚನೆ. ಲೋಕದ ಕನ್ನಡದಲ್ಲಿ ಆಲೋಚನೆಯೆಂದರೆ ವಿಚಾರ ಮಾಡುವುದು. ಆಗಮದಲ್ಲಿ ಗುರುವಿನ ಮುಂದೆ ತನ್ನ ದೋಷವನ್ನು ಮುಚ್ಚದೆ ಹೇಳಿಕೊಳ್ಳುವುದು. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಇದೇ ಮೊದಲನೆಯದು. ಉಪವಾಸಾದಿ ತಪಸ್ಸು ಅದೇ ಪಟ್ಟಿಯಲ್ಲಿ ಆರನೆಯದು. ಶಿವಾರ್ಯರು ಭಗವತೀ ಆರಾಧನೆಯಲ್ಲಿ ಈ ಆಲೋಚನೆಗೆ ಹತ್ತು ದೋಷಗಳನ್ನು ಹೇಳಿದ್ದಾರೆ. ರೋಗಿಯು ಮನಸ್ಸಿಗೆ ಬಂದುದನ್ನೆಲ್ಲ ಹೇಳುವೆನೆಂದು ಒಪ್ಪಿಯೂ ಎಷ್ಟು ಬಗೆಯಲ್ಲಿ ತಪ್ಪಿಸಿಕೊಳ್ಳುತ್ತಾನೆ ಎಂಬುದನ್ನು ಫ್ರಾಯ್ಡ್ ಪ್ರತಿರೋಧವೆಂದು ಕರೆದು ವಿವರಿಸಿದ. ಶಿವಾರ್ಯರ ಪಟ್ಟಿಯನ್ನು ಓದಿದ್ದರೆ ಆತ ಬೆರಗಾಗುತ್ತಿದ್ದನೆಂದು ನಮಗೆ ತೋರುತ್ತದೆ. ಸೇವೆ ಉಪಚಾರಗಳಿಂದ ಗುರುವಿನ ಮನಸ್ಸನ್ನು ಕರಗಿಸಿಕೊಂಡು ಆಮೇಲೆ ಹೇಳುವುದು ಆಕಂಪಿತ. ಇತರರು ಕಂಡುಬಿಟ್ಟ ತಪ್ಪನ್ನು ಮಾತ್ರ ಹೇಳುವುದು ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ‘ಯಾರೋ ಒಬ್ಬರು ಹೀಗೆ ಮಾಡಿದರೆ ಅದಕ್ಕೇನು ಪ್ರಾಯಶ್ಚಿತ್ತ, ಸ್ವಾಮೀ?’ ಎಂದು ಮರೆಯಲ್ಲಿ ನಿಂತು ಕೇಳುವುದು ಛನ್ನ. ಇದನ್ನು ಕೇಳದ ಪಂಡಿತನಿಲ್ಲ. ಪಾಕ್ಷಿಕಾದಿ ಪ್ರತಿಕ್ರಮಣದಲ್ಲಿ ಎಲ್ಲರೂ ಒಟ್ಟಿಗೆ ನುಡಿಯುವ ಗದ್ದಲದಲ್ಲಿ ತನ್ನದನ್ನೂ ಸೇರಿಸಿಬಿಡುವುದು ಶಬ್ದಾಕುಲಿತ. ಕ್ಷಮಾವಾಣಿಯ ದಿನ ನೂರು ಜನರ ನಡುವೆ ನೂರು ಜನರಿಗೂ ಒಂದೇ ಮಾತಿನಲ್ಲಿ ಕೈಮುಗಿದು ಬರುವ ನಮ್ಮ ಪದ್ಧತಿ ಈ ಆರನ್ನು ದಾಟಿ ಏಳನೆಯದರಲ್ಲಿ ಸಿಕ್ಕಿಕೊಂಡಿದೆ.

ಕೇಳುವವನ ಯೋಗ್ಯತೆಯನ್ನೂ ಅವರು ಬಿಡಲಿಲ್ಲ. ಅರಿಯದವನಲ್ಲಿ ಹೇಳುವುದು ಅವ್ಯಕ್ತ ದೋಷ. ಅದೇ ತಪ್ಪನ್ನು ತಾನೂ ಮಾಡುತ್ತಿರುವವನಲ್ಲಿ ಹೇಳುವುದು ತತ್ಸೇವಿ ದೋಷ. ಅತ್ತೆಯೊಡನೆ ಮುನಿಸಿಕೊಂಡ ಸೊಸೆ ತನ್ನಂತೆಯೇ ಮುನಿಸಿಕೊಂಡ ನೆಗೆಣ್ಣಿಯ ಮುಂದೆ ಎದೆ ತೋಡಿಕೊಂಡರೆ ಇಬ್ಬರ ಕಷಾಯವೂ ಹೆಚ್ಚುವುದಲ್ಲದೆ ಕರಗುವುದಿಲ್ಲ. ಮನೋವಿಶ್ಲೇಷಕನಾಗುವವನು ಮೊದಲು ತಾನೇ ವಿಶ್ಲೇಷಣೆಗೆ ಒಳಗಾಗಬೇಕೆಂಬ ಪಾಶ್ಚಾತ್ಯರ ನಿಯಮವೂ ಇದೇ ಭಯದಿಂದ ಹುಟ್ಟಿದ್ದು. ಆಲೋಚನೆಯನ್ನು ಕೇಳುವ ಆಚಾರ್ಯ ಅಪರಿಸ್ರಾವಿಯಾಗಿರಬೇಕು. ಕಾದ ಕಬ್ಬಿಣ ಕುಡಿದ ನೀರಿನಂತೆ ಕೇಳಿದ ಮಾತು ಮತ್ತೆ ಹೊರಬರಕೂಡದು. ಮುನಿಗಳ ವಿಹಾರ ನಮ್ಮ ಕಡೆಗೆ ಎಂದೋ ಒಮ್ಮೆ. ಅವರಿಲ್ಲದಾಗ ಜಿನಬಿಂಬದ ಸನ್ನಿಧಿಯಲ್ಲಿ ಸಿದ್ಧಸಾಕ್ಷಿಯಾಗಿ ನುಡಿಯಬಹುದು, ಬಾಯಿ ಬಿಗಿಯಿರುವ ಹಿರಿಯ ವ್ರತಿಯೊಬ್ಬರಲ್ಲಿ ಹೇಳಬಹುದು.

ಆದರೆ ಗುರುವಿಗೆ ಹೇಳತಕ್ಕ ಎಲ್ಲವನ್ನೂ ತಮ್ಮನಿಗೆ ಹೇಳತಕ್ಕದ್ದಲ್ಲ. ಎದೆಯ ಕೊಳೆಯನ್ನೆಲ್ಲ ಎದುರಿನವರ ಮುಖಕ್ಕೆ ಚೆಲ್ಲುವುದು ಪ್ರಾಮಾಣಿಕತೆಯೆಂದು ಈಚೆಗೆ ಕೆಲವರು ತಿಳಿಯುತ್ತಾರೆ. ಸತ್ಯಾಣುವ್ರತ ಅದಕ್ಕೆ ಅನುಮತಿ ಕೊಡುವುದಿಲ್ಲ. ಪೀಡೆ ತರುವ ನಿಜವನ್ನು ಆಚಾರ್ಯರು ಸತ್ಯದೊಳಗೆ ಸೇರಿಸಲಿಲ್ಲ. ಅಣ್ಣನು ಮಾನ್ವಿಗೆ ಹೋಗಿ, ‘ತಮ್ಮಾ, ಖಾತೆ ಪುಸ್ತಕ ನಿನ್ನ ಕಾಲಿಗೆ ಎಸೆದೆ, ಅದು ನನ್ನ ತಪ್ಪು. ಅಪ್ಪಾಜಿ ದಿನಾ ನಿನ್ನನ್ನೇ ಕೇಳುತ್ತಿದ್ದರು. ಆ ಮಾತನ್ನು ನಿನಗೆ ಇಷ್ಟು ದಿನ ಹೇಳಲಿಲ್ಲ’ ಎಂದರೆ ಸಾಕು. ಇದರಲ್ಲಿ ‘ಏನಾದರೂ ತಪ್ಪಾಗಿದ್ದರೆ’ ಎಂಬ ಪದವಿಲ್ಲ. ಆಗಿದ್ದು ಆಗಿದೆ, ಹೆಸರು ಹಿಡಿದು ಹೇಳಿದೆ. ತಮ್ಮನಿಗೆ ತಂದೆಯ ಆ ಪ್ರಶ್ನೆ ಮೂರು ವರ್ಷ ತಡವಾಗಿ ತಲುಪುವುದು. ಅದರಿಂದ ಅವನು ಅತ್ತರೆ ಅಳಲಿ.

ಉಪವಾಸ ಕೆಲವು ಮನೆಗಳಲ್ಲಿ ಮುನಿಸಿನ ಭಾಷೆಯೇ ಆಗಿಬಿಟ್ಟಿರುವುದನ್ನು ಹೆಂಗಸರು ಗಂಡಸರಿಗಿಂತ ಚೆನ್ನಾಗಿ ಬಲ್ಲರು. ಬಾಯಲ್ಲಿ ಆಡಲಾರದವರು ತಟ್ಟೆಯನ್ನು ಸರಿಸುತ್ತಾರೆ. ನಾಲ್ವರ ಎದುರಿಗೆ ಆಡಲು ಅವಕಾಶವಿಲ್ಲದ ಸೊಸೆಗೆ ಅದೊಂದೇ ಮಾತು ಉಳಿದಿದ್ದರೆ ತಪ್ಪು ಅವಳೊಬ್ಬಳದಲ್ಲ. ಕೇಳದ ಕಿವಿಗಳದೂ ಹೌದು. ದಶಧರ್ಮ ಕ್ಷಮೆಯಿಂದ ಆರಂಭವಾಗಿ, ಮಾರ್ದವ ಆರ್ಜವಗಳನ್ನು ದಾಟಿ, ಏಳನೆಯ ದಿನ ತಪಕ್ಕೆ ಬರುತ್ತದೆ. ನಾವು ಏಳನೆಯದನ್ನು ಮೊದಲ ದಿನವೇ ಹಿಡಿದು ಮೊದಲನೆಯದನ್ನು ಪಾಡ್ಯಕ್ಕೆ ಮುಂದೂಡುತ್ತೇವೆ.

ಉಪವಾಸದ ಹೆಗ್ಗಳಿಕೆಗೆ ನಮ್ಮ ನಾಡು ಎತ್ತಿ ತೋರಿಸುವ ಮಹಾತ್ಮನೆಂದರೆ ಬಾಹುಬಲಿ. ವರ್ಷವಿಡೀ ಅನ್ನನೀರಿಲ್ಲದೆ ಪ್ರತಿಮಾಯೋಗ. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಆದರೂ ಕೇವಲಜ್ಞಾನ ಭರತನು ಬಂದು ಪೂಜಿಸುವ ತನಕ ಕಾದಿತ್ತು. ಭರತನ ನೆಲದ ಮೇಲೆ ನಿಂತಿದ್ದೇನೆಂಬ ಮಾನದ ಶಲ್ಯ ಉಳಿದಿತ್ತೆಂದು ಜನ ಹೇಳುತ್ತಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಕಾರಣ ಇನ್ನೂ ಮೃದುವಾದುದು: ನನ್ನಿಂದ ಅಣ್ಣನಿಗೆ ಕ್ಲೇಶವಾಯಿತೆಂಬ ಸ್ನೇಹದ ಎಳೆಯೊಂದು ಹೃದಯದಲ್ಲಿತ್ತು. ಗೆದ್ದವನ ಎದೆಯಲ್ಲಿ ಉಳಿದ ಆ ನೋವಿಗೆ ಸೋತವನು ನಡೆದುಬಂದು ಕೈಮುಗಿಯಬೇಕಾಯಿತು. ಒಂದು ವರ್ಷದ ಉಪವಾಸದಿಂದ ಆಗದ ಒಂದು ಕೆಲಸ ಅಣ್ಣನ ಆಗಮನದಿಂದ ಆಯಿತು.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಎಲ್ಲ ಮನೋವ್ಯಥೆಯೂ ಕಷಾಯವಲ್ಲ. ನಿದ್ದೆಗೆಟ್ಟು, ಊಟ ಸೇರದೆ, ಬದುಕೇ ಬೇಡವೆನ್ನುವವರನ್ನು ‘ಸ್ವಾಧ್ಯಾಯ ಮಾಡು’ ಎಂದು ಕೂರಿಸುವುದು ದಯೆಯಲ್ಲ. ಅಮೃತಸರದ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿಯೇ ರೋಗಿಯೊಡನೆ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲಿ ಇರಿಸಿಕೊಂಡು ಚಿಕಿತ್ಸೆ ನಡೆಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬವನ್ನೇ ಕೂರಿಸಿ ನಡೆಸುವ ಚಿಕಿತ್ಸೆ ಇದೆ. ರಾಯಚೂರಿನಲ್ಲಿ ರಿಮ್ಸ್ ಆಸ್ಪತ್ರೆಯಿದೆ. 2022ರಿಂದ ಸರಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ದೊರೆಯುತ್ತದೆ. ಲಿಥಿಯಂ ಮಾತ್ರೆ ಸೇವಿಸುವವರು ನೀರನ್ನೂ ಬಿಟ್ಟು ಉಪವಾಸ ಮಾಡಿದರೆ ಔಷಧ ರಕ್ತದಲ್ಲಿ ಹೆಚ್ಚಿ ವಿಷವಾಗಬಲ್ಲದು. ವೈದ್ಯರನ್ನು ಕೇಳದೆ ಸಂಕಲ್ಪ ಮಾಡಕೂಡದು. ಷೋಡಶ ಭಾವನೆಗಳಲ್ಲಿ ತಪವನ್ನು ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಊನೋದರ, ರಸಪರಿತ್ಯಾಗಗಳೂ ತಪವೇ. ಇನ್ನೊಂದು, ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ಕ್ಷಮೆಯನ್ನು ಉಪದೇಶಿಸಿ ಅದೇ ಕೈಗೆ ಮರಳಿ ಒಪ್ಪಿಸುವುದು ಅಹಿಂಸೆಯಲ್ಲ. ಅವಳಿಗೆ 2005ರ ಕಾನೂನಿನ ರಕ್ಷಣೆಯಿದೆ. ಕ್ಷಮೆ ಅವಳ ಎದೆಯ ವಿಷಯ, ಅವಳ ಸಮಯಕ್ಕೆ ಬರತಕ್ಕದ್ದು. ಆ ಮನೆಯಲ್ಲಿ ಇರುವುದೋ ಬಿಡುವುದೋ ಬೇರೆ ವಿಷಯ.

ಕ್ಷಮಿಸಿಯೂ ಬೇರೆಯಿರಬಹುದೇ ಎಂದು ಕೇಳುವವರಿಗೆ ನಮ್ಮ ಸೀಮೆಯ ನೆಲವೇ ಉತ್ತರ ಕೊಡುತ್ತದೆ. 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳದ ಬೆಟ್ಟದಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕಲ್ಲಿನಲ್ಲಿ ಕೆತ್ತಿಸಿ, ಕೆತ್ತಿಸಿದ ಚಾವಯ್ಯನ ಹೆಸರನ್ನೂ ಕನ್ನಡದಲ್ಲಿ ಬರೆಸಿದ್ದಾರೆ. ಆ ಆಚಾರ್ಯರು ಸಂಸ್ಕೃತದಲ್ಲಿ ರಚಿಸಿದ ವರಾಂಗಚರಿತವನ್ನು ನಮ್ಮ ಸದಲಗಾದ ಡಾ. ಆ. ನೇ. ಉಪಾಧ್ಯೆಯವರು 1938ರಲ್ಲಿ ಸಂಪಾದಿಸಿ ಪ್ರಕಟಿಸಿದರು. ರಾಜಕುಮಾರ ವರಾಂಗನಿಗೆ ಯುವರಾಜಪಟ್ಟವಾದಾಗ ಮಲತಾಯಿ ಮೃಗಸೇನೆಗೂ ಅವಳ ಮಗ ಸುಷೇಣನಿಗೂ ಸಹಿಸಲಾಗಲಿಲ್ಲ. ಮಂತ್ರಿಯ ಕೈಯಿಂದ ಕೆಟ್ಟ ಶಿಕ್ಷಣ ಪಡೆದ ಕುದುರೆ ವರಾಂಗನನ್ನು ಕಾಡಿಗೆ ಎಳೆದೊಯ್ದು ಬಾವಿಗೆ ಬಿದ್ದಿತು. ಅವನು ಬಳ್ಳಿ ಹಿಡಿದು ಬದುಕಿದ. ಹೆಸರು ಮರೆಸಿಕೊಂಡು ವರ್ತಕನೊಬ್ಬನ ಆಶ್ರಯದಲ್ಲಿ ಬೆಳೆದು ಬಲಿಷ್ಠನಾದ. ತಂದೆಯ ರಾಜ್ಯದ ಮೇಲೆ ಶತ್ರು ಬಂದಾಗ ಸುಷೇಣ ಎದುರಿಸಲಾರದೆ ಹೋದ. ವರಾಂಗ ಬಂದು ಗೆದ್ದುಕೊಟ್ಟ. ಮಲತಾಯಿಯೂ ತಮ್ಮನೂ ಮಂತ್ರಿಯೂ ತಲೆತಗ್ಗಿಸಿ ನಿಂತರು. ಅವನು ಕ್ಷಮಿಸಿದ. ಕ್ಷಮಿಸಿದ ಮೇಲೆ ಅದೇ ಅರಮನೆಯಲ್ಲಿ ಉಳಿಯಲಿಲ್ಲ. ತಂದೆಯ ರಾಜ್ಯವನ್ನು ಸುಷೇಣನಿಗೆ ಬಿಟ್ಟು, ತಂದೆಯ ಅಪ್ಪಣೆ ಪಡೆದು ಹೊರಟು, ಆನರ್ತಪುರವೆಂಬ ಬೇರೆ ನಗರವನ್ನು ಕಟ್ಟಿಕೊಂಡ.